ಹೊಸ ಬಣ್ಣದ ಹಳೆ ಕಟ್ಟಡ: ನೀವು ಕೊಳ್ಳುವುದು ಗೋಡೆಯನ್ನೋ, ವರ್ಷಗಳನ್ನೋ?

ನಿವೃತ್ತಿಯ ಹಣ ಬ್ಯಾಂಕಿಗೆ ಬಂದು ಬೀಳುವ ಮೊದಲೇ ಅದರ ಸುದ್ದಿ ನಾಲ್ಕು ಮಂದಿಗೆ ತಿಳಿದಿರುತ್ತದೆ. ಪ್ರಾವಿಡೆಂಟ್ ಫಂಡು, ಗ್ರಾಚ್ಯುಟಿ, ಬೇಗನೆ ಕೆಲಸ ಬಿಟ್ಟವರಿಗಾದರೆ ವಿ.ಆರ್.ಎಸ್. ಮೊತ್ತ, ಹೋಟೆಲಿನವರಾದರೆ, ಮಕ್ಕಳು ಬೇರೆ ದಾರಿ ಹಿಡಿದರೆಂದು ಹೋಟೆಲು ಬಿಟ್ಟುಕೊಟ್ಟಾಗ ಬಂದ ಹಣ. ಮೂವತ್ತು ನಲವತ್ತು ವರ್ಷ ಲೋಕಲ್ ಗಾಡಿಯಲ್ಲಿ ಜೋತುಬಿದ್ದು ಗಳಿಸಿದ ಈ ಗಂಟನ್ನು ಎಲ್ಲಿಡೋಣವೆಂದು ನೀವು ಯೋಚಿಸುತ್ತಿರುವಾಗಲೇ ಹೊಳಪು ಕಾಗದದ ಪುಸ್ತಿಕೆಯೊಂದು ಕೈಗೆ ಬರುತ್ತದೆ. ಫೋರ್ಟಿನ ನಟ್ಟನಡುವೆ ಕಲ್ಲಿನ ಭವ್ಯ ಕಟ್ಟಡ, ಒಳಗೆಲ್ಲ ಹೊಸದು, ಗ್ರಾನೈಟ್ ಹಾಸಿದ ಹಜಾರ, ಜಪಾನಿ ಲಿಫ್ಟು, ಬಾಡಿಗೆಗೆ ಆಗಲೇ ದೊಡ್ಡ ಕಂಪನಿ. ವರ್ಷಕ್ಕೆ ನೂರಕ್ಕೆ ಎಂಟು ರೂಪಾಯಿ ಬಾಡಿಗೆ ಮನೆ ಬಾಗಿಲಿಗೆ ಎಂಬ ಮಾತು. ಪುಸ್ತಿಕೆಯ ಕೊನೆಯ ಪುಟದಲ್ಲಿ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವ ಅಕ್ಷರದಲ್ಲಿ ಒಂದು ಪದವಿರುತ್ತದೆ: ಲೀಸ್‌ಹೋಲ್ಡ್.

ಈ ಲೇಖನ ಆ ಒಂದು ಪದದ ಬಗ್ಗೆ.

ಫೋರ್ಟಿನ ಕಟ್ಟಡಗಳೆಂದರೆ ನಮ್ಮವರಿಗೆ ವಿಶೇಷ ಮಮತೆ. ಹಗಲು ಅಲ್ಲಿನ ಕಚೇರಿಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿದು, ಸಂಜೆ ರಾತ್ರಿಶಾಲೆಯ ಬೆಂಚಿನ ಮೇಲೆ ಕೂತು ಮೆಟ್ರಿಕ್ ಮುಗಿಸಿದ ಒಂದು ತಲೆಮಾರೇ ನಮ್ಮಲ್ಲಿದೆ. ಒಂದು ಕಾಲಕ್ಕೆ ಚಹಾದ ಕೆಟಲು ಹಿಡಿದು ಮೆಟ್ಟಿಲೇರಿದ ಕಟ್ಟಡದಲ್ಲೇ ಒಂದು ಕೋಣೆ ನಮ್ಮ ಹೆಸರಿಗಾದರೆ ಯಾರಿಗೆ ಬೇಡ? ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಏನನ್ನು ಕೊಳ್ಳುತ್ತಿದ್ದೇವೆಂದು ತಿಳಿದು ಕೊಳ್ಳಬೇಕು.

ಸಮುದ್ರದಿಂದ ಎದ್ದ ನೆಲ

ಬಲ್ಲಾರ್ಡ್ ಎಸ್ಟೇಟನ್ನೇ ನೋಡಿ. ವಿ.ಟಿ.ಯಿಂದ (ಈಗಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ನಡೆದು ಹೋಗುವಷ್ಟು ಹತ್ತಿರ. ಒಂದೇ ಎತ್ತರದ, ಒಂದೇ ಅಂದದ ಕಟ್ಟಡಗಳು, ನೆರಳಿನ ಅಗಲ ರಸ್ತೆಗಳು, 1923ರಲ್ಲಿ ಆರಂಭವಾದ ಬ್ರಿಟಾನಿಯಾ ಎಂಬ ಇರಾನಿ ಉಪಾಹಾರಗೃಹ. ನೂರಿಪ್ಪತ್ತು ವರ್ಷಗಳ ಹಿಂದೆ ಇಲ್ಲಿ ನೆಲವೇ ಇರಲಿಲ್ಲ. ಈಗ ಇಂದಿರಾ ಡಾಕ್ ಎನ್ನುವ ಅಂದಿನ ಅಲೆಕ್ಸಾಂಡ್ರಾ ಡಾಕನ್ನು ಅಗೆದಾಗ ಬಂದ ಮಣ್ಣು ಕಲ್ಲುಗಳನ್ನು ಸಮುದ್ರಕ್ಕೆ ತುಂಬಿ ಬಾಂಬೆ ಪೋರ್ಟ್ ಟ್ರಸ್ಟು ಸುಮಾರು 22 ಎಕರೆ ಜಾಗವನ್ನು ಪಡೆಯಿತು. ಗೇಟ್‌ವೇ ಆಫ್ ಇಂಡಿಯಾ ಕಟ್ಟಿದ ಜಾರ್ಜ್ ವಿಟೆಟ್ ಅವರೇ ಇಲ್ಲಿನ ಕಟ್ಟಡಗಳ ರೂಪುರೇಷೆ ಹಾಕಿದವರು. 1873ರಲ್ಲಿ ಸ್ಥಾಪನೆಯಾದ ಪೋರ್ಟ್ ಟ್ರಸ್ಟಿನ ಮೊದಲ ಮುಖ್ಯಸ್ಥ ಕರ್ನಲ್ ಬಲ್ಲಾರ್ಡರ ಹೆಸರನ್ನೇ ಬಡಾವಣೆಗೆ ಇಟ್ಟರು.

ನೆಲವನ್ನು ಟ್ರಸ್ಟು ಮಾರಲಿಲ್ಲ, ಲೀಸಿಗೆ ಕೊಟ್ಟಿತು. ಹಡಗು ಕಂಪನಿಗಳು, ವಿಮಾ ಕಂಪನಿಗಳು ಆ ನೆಲದ ಮೇಲೆ ತಮ್ಮ ಹಣದಿಂದ ಕಟ್ಟಡ ಎಬ್ಬಿಸಿದವು. ಕಟ್ಟಡದ ಮೇಲೆ ಕಂಪನಿಯ ಹೆಸರು, ಕೆಳಗಿನ ನೆಲ ಬಂದರಿನದು. 2021ರ ಪ್ರಮುಖ ಬಂದರುಗಳ ಕಾಯಿದೆಯ ಬಳಿಕ ಟ್ರಸ್ಟು ಹೋಗಿ ಮುಂಬಯಿ ಬಂದರು ಪ್ರಾಧಿಕಾರ ಬಂತು. ನೆಲದ ಒಡೆತನ ಮಾತ್ರ ಕದಲಲಿಲ್ಲ.

ಇದು ಬಲ್ಲಾರ್ಡ್ ಎಸ್ಟೇಟಿನ ಕತೆ ಮಾತ್ರವಲ್ಲ. ಬಾಂದ್ರಾ-ಕುರ್ಲಾ ಸಂಕುಲದಲ್ಲಿ ಎಂ.ಎಂ.ಆರ್.ಡಿ.ಎ. ನಿವೇಶನ ಕೊಡುವುದು 80 ವರ್ಷದ ಲೀಸಿಗೆ. ನವಿ ಮುಂಬಯಿಯಲ್ಲಿ ಸಿಡ್ಕೋ ಕೊಟ್ಟದ್ದು 60 ವರ್ಷಕ್ಕೆ, ಎಂ.ಐ.ಡಿ.ಸಿ. ಕೊಡುವುದು 95 ವರ್ಷಕ್ಕೆ. ನರಿಮನ್ ಪಾಯಿಂಟಿನ ಗಗನಚುಂಬಿಗಳು ನಿಂತಿರುವುದೂ ರಾಜ್ಯ ಸರಕಾರದ ಲೀಸು ನೆಲದ ಮೇಲೆ. ಮುಂಬಯಿಯಲ್ಲಿ ಕಚೇರಿ ಕೊಳ್ಳಹೊರಟವರಿಗೆ ಈ ಲೀಸು ಎದುರಾಗದಿದ್ದರೇ ಆಶ್ಚರ್ಯ.

ಮೂಲಗೇಣಿ, ಚಾಲಗೇಣಿ, ಬೆಂಗಳೂರಿನ ಲೀಸು

ಕರಾವಳಿಯ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಮೂಲಗೇಣಿಯೆಂದರೆ ತಲೆಮಾರಿನಿಂದ ತಲೆಮಾರಿಗೆ ನಡೆಯುವ ಶಾಶ್ವತ ಗೇಣಿ. ಚಾಲಗೇಣಿಯೆಂದರೆ ಒಡೆಯನ ಮರ್ಜಿ ಇರುವವರೆಗೆ. ನಗರದ ಲೀಸು ಇವೆರಡರ ನಡುವಿನದು. 999 ವರ್ಷದ ಲೀಸು ಸಿಕ್ಕಿದರೆ ಅದು ಮೂಲಗೇಣಿಯಂತೆಯೇ. ಇನ್ನು ಹನ್ನೆರಡೇ ವರ್ಷ ಉಳಿದಿದ್ದು, ನವೀಕರಣದ ಮಾತೇ ಇಲ್ಲದ ಲೀಸಾದರೆ ಅದು ಚಾಲಗೇಣಿಯ ಕಡೆಗೆ ವಾಲಿದ್ದು ಎಂದು ತಿಳಿಯಿರಿ.

ಬೆಂಗಳೂರಿನ ಕಡೆಯವರು ಇನ್ನೊಂದು ಗೊಂದಲಕ್ಕೆ ಬೀಳಬಾರದು. ಅಲ್ಲಿ ಮನೆಯನ್ನು 'ಲೀಸಿಗೆ' ಹಾಕಿಕೊಳ್ಳುವುದೆಂದರೆ ಭೋಗ್ಯ: ಒಂದು ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಕೊಟ್ಟ ಹಣವನ್ನು ಪೂರ್ತಿ ಹಿಂದಕ್ಕೆ ಪಡೆಯುವುದು. ಇಲ್ಲಿ ಹಾಗಲ್ಲ. ಅವಧಿ ಮುಗಿದ ದಿನ ಹಣವೂ ಬರುವುದಿಲ್ಲ, ಕೋಣೆಯೂ ಉಳಿಯುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 105ನೇ ಕಲಮು ಲೀಸನ್ನು ವಿವರಿಸುವಾಗ ಹೇಳುವುದೂ ಇದನ್ನೇ: ಅದು ಸ್ಥಿರಾಸ್ತಿಯನ್ನು ಅನುಭವಿಸುವ ಹಕ್ಕಿನ ವರ್ಗಾವಣೆ. ಅನುಭವಿಸುವ ಹಕ್ಕು ಬೇರೆ, ಒಡೆತನ ಬೇರೆ. ಒಂದು ವರ್ಷಕ್ಕೆ ಮೀರಿದ ಲೀಸು ನೋಂದಣಿಯಾಗಿರಲೇಬೇಕು ಎಂದು 107ನೇ ಕಲಮು ಹೇಳುತ್ತದೆ. ಸ್ಟ್ಯಾಂಪು ಕಾಗದದ ಮೇಲೆ ನೋಟರಿ ಸಹಿ ಇದೆಯೆಂದು ತೋರಿಸುವವರಿಗೆ ಇದನ್ನು ನೆನಪಿಸಿರಿ.

ವರ್ಷಗಳಿಗೇ ಬೆಲೆ ಎಂಬುದನ್ನು ಸರಕಾರವೂ ಒಪ್ಪಿದೆ. ಮಹಾರಾಷ್ಟ್ರದಲ್ಲಿ ಹೊಸ ಲೀಸು ಬರೆಸುವಾಗ ಮುದ್ರಾಂಕ ಶುಲ್ಕ ಲೆಕ್ಕ ಹಾಕುವ ಬಗೆ ನೋಡಿ: ಅವಧಿ 5 ವರ್ಷದೊಳಗಾದರೆ ಆಸ್ತಿಯ ಮಾರುಕಟ್ಟೆ ಬೆಲೆಯ ಶೇ. 10ರ ಮೇಲೆ, 10 ವರ್ಷದವರೆಗೆ ಶೇ. 25ರ ಮೇಲೆ, 29 ವರ್ಷದವರೆಗೆ ಶೇ. 50ರ ಮೇಲೆ, ಅದಕ್ಕೂ ಹೆಚ್ಚಾದರೆ ಶೇ. 90ರ ಮೇಲೆ. ಅದೇ ಕೋಣೆ, ಅದೇ ಗೋಡೆ. ಬೆಲೆ ಬದಲಾದದ್ದು ವರ್ಷಗಳಿಂದ.

ಕರಗುವ ಬಂಡವಾಳ

ಈಗ ಪೆನ್ಸಿಲು ತೆಗೆದುಕೊಂಡು ಕುಳಿತುಕೊಳ್ಳಿ. ಉದಾಹರಣೆಗಾಗಿ ಒಂದು ಲೆಕ್ಕ ಹಾಕೋಣ. ಕೋಣೆಯ ಬೆಲೆ 50 ಲಕ್ಷ, ಬಾಡಿಗೆ ವರ್ಷಕ್ಕೆ 4 ಲಕ್ಷ, ಲೀಸಿನಲ್ಲಿ ಉಳಿದದ್ದು 28 ವರ್ಷ. ಪುಸ್ತಿಕೆ ಹೇಳುವ ಶೇ. 8 ಇದೇ. ಆದರೆ ಆ 4 ಲಕ್ಷದಲ್ಲಿ ನೆಲಬಾಡಿಗೆ, ಮಹಾನಗರಪಾಲಿಕೆಯ ತೆರಿಗೆ, ವಿಮೆ, ದುರಸ್ತಿಯ ಪಾಲು, ಬಾಡಿಗೆದಾರ ಬಿಟ್ಟುಹೋಗಿ ಕೋಣೆ ಖಾಲಿ ಬಿದ್ದ ತಿಂಗಳುಗಳು ಇವನ್ನೆಲ್ಲ ಕಳೆಯಿರಿ. ಸರಾಸರಿ 2.75 ಲಕ್ಷ ಉಳಿಯಿತೆಂದುಕೊಳ್ಳೋಣ. 28 ವರ್ಷಕ್ಕೆ ಒಟ್ಟು 77 ಲಕ್ಷ. ಅದರಲ್ಲಿ 50 ಲಕ್ಷ ನೀವೇ ಹಾಕಿದ ಹಣ. 28 ವರ್ಷ ಕಾದದ್ದಕ್ಕೆ ಬಂದ ಲಾಭ 27 ಲಕ್ಷ.

ಅದೇ 50 ಲಕ್ಷ ನೂರಕ್ಕೆ ಆರರ ಬಡ್ಡಿಯಲ್ಲಿ ಬ್ಯಾಂಕಿನಲ್ಲಿದ್ದರೆ 28 ವರ್ಷಕ್ಕೆ ಬಡ್ಡಿಯೇ 84 ಲಕ್ಷ, ಮೇಲೆ ಅಸಲು 50 ಲಕ್ಷ ಅಲ್ಲಿಯೇ ಇರುತ್ತದೆ. ಲೀಸಿನ ಕೋಣೆಯಲ್ಲಿ ಅಸಲು ಎಂಬುದು ಕರ್ಪೂರದಂತೆ. ಉರಿದಷ್ಟು ದಿನ ಬೆಳಕು, ಕೊನೆಗೆ ತಟ್ಟೆಯಲ್ಲಿ ಏನೂ ಇಲ್ಲ.

ಬಾಡಿಗೆ ವರ್ಷದಿಂದ ವರ್ಷಕ್ಕೆ ಏರುವುದಿಲ್ಲವೇ ಎಂದು ನೀವು ಕೇಳಬಹುದು. ಏರಬಹುದು, ಆಗ ಲೆಕ್ಕ ಉತ್ತಮವಾಗುತ್ತದೆ. ಆದರೆ ನೆಲಬಾಡಿಗೆಯೂ ಏರಬಹುದಲ್ಲ! ಮುಂಬಯಿ ಬಂದರಿನ ನೆಲದ ಬಾಡಿಗೆ ಏರಿಕೆಯ ವಿವಾದ 1980ರ ದಶಕದಲ್ಲಿ ಹೊತ್ತಿಕೊಂಡು ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2004ರ ಜನವರಿಯಲ್ಲಿ. ಸರಕಾರಿ ಸ್ವರೂಪದ ಸಂಸ್ಥೆ ಖಾಸಗಿ ಮಾಲಿಕನಂತೆ ಲಾಭಬಡುಕತನ ತೋರಿಸಬಾರದು, ಏರಿಕೆ ನ್ಯಾಯಸಮ್ಮತವಾಗಿರಬೇಕು ಎಂದು ನ್ಯಾಯಾಲಯ ಹೇಳಿತು. ಆದರೆ ಕಾಲಕ್ಕೆ ತಕ್ಕಂತೆ ಬಾಡಿಗೆ ಏರಿಸುವ ಹಕ್ಕು ಅದಕ್ಕಿದೆ ಎಂದೂ ಹೇಳಿತು. ಅಷ್ಟು ವರ್ಷ ವ್ಯಾಜ್ಯ ನಡೆಸುವ ತ್ರಾಣ ದೊಡ್ಡ ಕಂಪನಿಗಳಿಗಿರುತ್ತದೆ. ಅರವತ್ತು ದಾಟಿದ ನಮಗಿದೆಯೇ?

ಹಾಗೆಂದು ಲೀಸಿನ ಆಸ್ತಿಯೇ ಕೆಟ್ಟದ್ದೆಂದು ತೀರ್ಮಾನಿಸಬೇಡಿ. ಬಾಂದ್ರಾ-ಕುರ್ಲಾದಲ್ಲಿ ದೇಶದ ದೊಡ್ಡ ಬ್ಯಾಂಕುಗಳೇ ಲೀಸಿನ ನೆಲದ ಮೇಲೆ ಕುಳಿತಿವೆ. ಅವು ಲೆಕ್ಕ ಹಾಕಿಯೇ ಕುಳಿತಿವೆ. ಉಳಿದ ವರ್ಷ ಕಡಿಮೆಯಿದ್ದರೆ ಬೆಲೆಯೂ ಕಡಿಮೆಯಿರಬೇಕು, ಇಷ್ಟೇ ಇದರ ಗುಟ್ಟು. ಪಕ್ಕದ ಸ್ವಂತ ನೆಲದ ಕಟ್ಟಡದ ದರವನ್ನೇ ನಿಮ್ಮಿಂದ ಕೇಳುತ್ತಿದ್ದರೆ, ಅಲ್ಲಿಗೆ ಮಾತು ನಿಲ್ಲಿಸಿ.

ಮಾರುವಾಗಲೂ ಮಾಲಿಕನ ಅಪ್ಪಣೆ

ಸಾಲದೆಂಬಂತೆ, ಕೊಂಡದ್ದನ್ನು ನಾಳೆ ಮಾರಹೋದರೆ ನೆಲದ ಮಾಲಿಕನ ಲಿಖಿತ ಒಪ್ಪಿಗೆ ಬೇಕಾಗುತ್ತದೆ. ಹೆಚ್ಚಿನ ಸರಕಾರಿ ಲೀಸುಗಳಲ್ಲಿ ವರ್ಗಾವಣೆಗೆ ಶುಲ್ಕವನ್ನೋ, ಏರಿದ ಬೆಲೆಯಲ್ಲಿ ಪಾಲನ್ನೋ ಕೊಡಬೇಕು. ಮುಂಬಯಿಯ ಸರಕಾರಿ ಕಚೇರಿಗಳಲ್ಲಿ ಇದಕ್ಕೆ 'ಅನರ್ಜಿತ' ಆದಾಯವೆನ್ನುತ್ತಾರೆ: ನೆಲದ ಬೆಲೆ ಏರಿದ್ದು ನಿಮ್ಮ ದುಡಿಮೆಯಿಂದಲ್ಲ, ಆದ್ದರಿಂದ ಅದರಲ್ಲಿ ಒಡೆಯನಿಗೂ ಪಾಲು ಎಂಬ ಅರ್ಥದಲ್ಲಿ.

ಇದು ಎಷ್ಟು ದೊಡ್ಡ ಮೊತ್ತವಾಗಬಹುದೆಂಬುದಕ್ಕೆ ಮರೀನ್ ಡ್ರೈವಿನ ತುದಿಯ ಏರ್ ಇಂಡಿಯಾ ಕಟ್ಟಡವೇ ಸಾಕ್ಷಿ. 1974ರ ಈ 23 ಅಂತಸ್ತಿನ ಕಟ್ಟಡ ರಾಜ್ಯ ಸರಕಾರದ ಲೀಸು ನೆಲದ ಮೇಲಿತ್ತು. 2022ರಲ್ಲಿ ವಿಮಾನ ಕಂಪನಿ ಟಾಟಾದವರ ಕೈಸೇರಿದರೂ ಕಟ್ಟಡ ಕೇಂದ್ರದ ಒಂದು ಸಂಸ್ಥೆಯಲ್ಲಿ ಉಳಿಯಿತು. ಕೊನೆಗೆ ಕೊಂಡದ್ದು ಮಹಾರಾಷ್ಟ್ರ ಸರಕಾರವೇ, 1,601 ಕೋಟಿ ರೂಪಾಯಿಗೆ. ಕೇಂದ್ರದ ಒಪ್ಪಿಗೆ ಬಂದದ್ದು 2024ರ ಮಾರ್ಚಿನಲ್ಲಿ. ಈ ವ್ಯವಹಾರದಲ್ಲಿ ರಾಜ್ಯವು ತನಗೆ ಬರಬೇಕಾಗಿದ್ದ ಅನರ್ಜಿತ ಆದಾಯ ಮತ್ತು ಬಡ್ಡಿ, ಸುಮಾರು 298 ಕೋಟಿಯನ್ನು ಮನ್ನಾ ಮಾಡಿತು. ಸರಕಾರ ಸರಕಾರಕ್ಕೆ ಮನ್ನಾ ಮಾಡಿತು, ಸರಿ. ನಿಮ್ಮ ಒಂದು ಕೋಣೆಯ ಶುಲ್ಕವನ್ನು ಮನ್ನಾ ಮಾಡುವವರು ಯಾರು?

ಮೇಲೆ ಥಳಕು, ಒಳಗೆ ಹುಳುಕು

ಇನ್ನು ನವೀಕರಣದ ಮಾತು. ಹಳೆಯ ಫೋರ್ಟ್ ಕಟ್ಟಡಗಳು ದಪ್ಪ ಕಲ್ಲು-ಇಟ್ಟಿಗೆಯ ಗೋಡೆ, ಬರ್ಮಾ ತೇಗದ ತೊಲೆ ಅಥವಾ ಉಕ್ಕಿನ ಗರ್ಡರುಗಳ ಮೇಲೆ ನಿಂತವು. ಅವು ಗಟ್ಟಿಮುಟ್ಟಾದವು ನಿಜ. ಆದರೆ ಸಮುದ್ರದ ಉಪ್ಪುಗಾಳಿಗೂ ಸೋರುವ ಪಾಯಖಾನೆಯ ನೀರಿಗೂ ಉಕ್ಕು ತುಕ್ಕು ಹಿಡಿಯುತ್ತದೆ, ಗೋಡೆಯೊಳಗೆ ಸೇರಿದ ತೊಲೆಯ ತುದಿ ಕೊಳೆಯುತ್ತದೆ. ಇವೆರಡನ್ನೂ ಮರೆಮಾಡಲು ಸುಂದರವಾದ ಫಾಲ್ಸ್ ಸೀಲಿಂಗ್ ಒಂದು ಸಾಕು. ಕಾಳಾಘೋಡಾದ ಎಸ್ಪ್ಲನೇಡ್ ಮ್ಯಾನ್ಷನ್, ಅಂದರೆ 1860ರ ದಶಕದ ವಾಟ್ಸನ್ ಹೋಟೆಲು, ದೇಶದಲ್ಲೇ ಹೆಸರಾದ ಎರಕದ ಕಬ್ಬಿಣದ ಕಟ್ಟಡ. ಅದರ ಒಂದು ಭಾಗ 2005ರಲ್ಲಿ ಕುಸಿಯಿತು. 2019ರಲ್ಲಿ ಅಲ್ಲಿದ್ದ ಕಚೇರಿಗಳನ್ನೆಲ್ಲ ತೆರವು ಮಾಡಿಸಬೇಕಾಯಿತು. ಪಾರಂಪರಿಕ ಕಟ್ಟಡವೆಂಬ ಹೆಸರು ಗರ್ಡರಿಗೆ ಬಲ ಕೊಡುವುದಿಲ್ಲ.

ಆದ್ದರಿಂದ ಹಜಾರದ ಗ್ರಾನೈಟು ನೋಡಿ ಮರುಳಾಗದೆ ನೀವು ನೇರ ಗಚ್ಚಿಗೆ ಹತ್ತಿ. ಮಳೆಗಾಲದಲ್ಲಿ ಹೋದರೆ ಇನ್ನೂ ಒಳ್ಳೆಯದು. ಫಾಲ್ಸ್ ಸೀಲಿಂಗಿನ ಒಂದು ಹಲಗೆ ಸರಿಸಲು ಹೇಳಿ, ಟಾರ್ಚು ಹಾಕಿ ನೋಡಿ. ಪಾಯಖಾನೆಯ ಕೆಳಗಿನ ಅಂತಸ್ತಿನ ಛಾವಣಿ ನೋಡಿ. ವಿದ್ಯುತ್ ಮೀಟರಿನ ಕೋಣೆಯಲ್ಲಿ ತಂತಿಗಳು ಹೊಸತೋ, ಹಳೆ ತಂತಿಗೆ ಹೊಸ ಪೆಟ್ಟಿಗೆಯೋ ನೋಡಿ. ಮರದ ತೊಲೆಯ ಅಂತಸ್ತಿನ ಮೇಲೆ ಫೈಲುಗಳ ಕಬ್ಬಿಣದ ಕಪಾಟು, ಬ್ಯಾಟರಿಗಳ ಸಾಲು ಹೇರಿದ್ದರೆ, ಆ ಭಾರಕ್ಕೆ ಲೆಕ್ಕ ಹಾಕಿದವರು ಯಾರೆಂದು ಕೇಳಿ.

ಕಾಗದಗಳೂ ಇವೆ. ಮುಂಬಯಿ ಮಹಾನಗರಪಾಲಿಕೆ ಕಾಯಿದೆಯ 353-ಬಿ ಕಲಮಿನಂತೆ 30 ವರ್ಷ ದಾಟಿದ ಕಟ್ಟಡಕ್ಕೆ ನೋಂದಾಯಿತ ಇಂಜಿನಿಯರರಿಂದ ಸುಸ್ಥಿತಿಯ ಪ್ರಮಾಣಪತ್ರ ಬೇಕು. 2006ರ ಮಹಾರಾಷ್ಟ್ರ ಅಗ್ನಿ ಸುರಕ್ಷಾ ಕಾಯಿದೆಯಂತೆ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ, ಪರವಾನಗಿ ಪಡೆದ ಸಂಸ್ಥೆಯಿಂದ ಬೆಂಕಿ ಆರಿಸುವ ಸಾಧನಗಳು ಸರಿಯಿವೆಯೆಂಬ ಪ್ರಮಾಣಪತ್ರ ಸಲ್ಲಬೇಕು. ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡವಾದರೆ ಹೊರರೂಪ ಬದಲಿಸಲು ಅನುಮತಿ ಪಡೆದ ಪತ್ರವೂ ಇರಬೇಕು. ಈ ಕಾಗದಗಳನ್ನು ಕೇಳಿದ ಕೂಡಲೇ ಮಾರುವವರ ಮುಖ ಸಣ್ಣದಾದರೆ ನಿಮಗೆ ಉತ್ತರ ಸಿಕ್ಕಿತೆಂದೇ ಅರ್ಥ.

ಅವರ ಬಾಕಿ, ನಿಮ್ಮ ತಲೆಗೆ

ಹೆಚ್ಚಿನವರು ಗಮನಿಸದ ಅಪಾಯ ಇನ್ನೊಂದಿದೆ. ನಿಮಗೆ ಕೋಣೆ ಮಾರುವ ಕಂಪನಿ ಸಾಮಾನ್ಯವಾಗಿ ತನ್ನ ಲೀಸನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಅದರೊಳಗೆ ನಿಮಗೊಂದು ಉಪಲೀಸು ಕೊಡುತ್ತದೆ. ನೆಲದ ಮಾಲಿಕನಿಗೆ ನೀವು ಯಾರೆಂದೇ ತಿಳಿದಿರುವುದಿಲ್ಲ. ನೀವು ನಿಮ್ಮ ಪಾಲಿನ ನೆಲಬಾಡಿಗೆಯನ್ನು ತಪ್ಪದೆ ಕಂಪನಿಗೆ ಕಟ್ಟುತ್ತೀರಿ. ಕಂಪನಿ ಅದನ್ನು ಮಾಲಿಕನಿಗೆ ಕಟ್ಟದಿದ್ದರೆ? ಕರಾರು ಮುರಿದರೆ ಲೀಸು ರದ್ದೆಂಬ ಷರತ್ತು ಪತ್ರದಲ್ಲಿದ್ದರೆ, ಮಾಲಿಕ 111ನೇ ಕಲಮಿನಂತೆ ಮೂಲ ಲೀಸನ್ನೇ ರದ್ದು ಮಾಡಬಹುದು. ಆಗ 115ನೇ ಕಲಮಿನಂತೆ ಅದರ ಕೆಳಗಿನ ಉಪಲೀಸುಗಳೂ ಸಾಮಾನ್ಯವಾಗಿ ಬಿದ್ದುಹೋಗುತ್ತವೆ. ಬಾಕಿ, ಬಡ್ಡಿ, ಖರ್ಚು ಕಟ್ಟಿದರೆ ನ್ಯಾಯಾಲಯ 114ನೇ ಕಲಮಿನಡಿ ಕರುಣೆ ತೋರಿಸಬಹುದು. ಆದರೆ ಆ ಬಾಕಿ ಇಡೀ ಕಟ್ಟಡದ್ದು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಇಂಥ ಕಡೆಯೇ ಹುಟ್ಟಿರಬೇಕು!

ಕೆಲವರು ಕೋಣೆಯನ್ನೂ ಕೊಡುವುದಿಲ್ಲ. ಇಪ್ಪತ್ತು ಮೂವತ್ತು ಮಂದಿಯ ಹಣ ಕೂಡಿಸಿ ಒಂದು ಕಂಪನಿ ಮಾಡಿ, ಅದರ ಪಾಲುಪತ್ರವನ್ನು ನಿಮಗೆ ಕೊಟ್ಟು, 'ಖಾತರಿ ಬಾಡಿಗೆ' ಎನ್ನುತ್ತಾರೆ. ಬಾಡಿಗೆದಾರ ಬಿಟ್ಟುಹೋದರೆ ಖಾತರಿ ಕೊಡುವವರು ಯಾರು, ಅವರ ಆಸ್ತಿಯೇನು ಎಂದು ಕೇಳಿ. ಸಾರ್ವಜನಿಕರಿಂದ ಅನುಮತಿಯಿಲ್ಲದೆ ಠೇವಣಿ ಎತ್ತುವುದು 2019ರ ಕಾಯಿದೆಯಂತೆ ಅಪರಾಧ. ಸಣ್ಣ ಮೊತ್ತದಲ್ಲಿ ಕಚೇರಿ ಕಟ್ಟಡದ ಬಾಡಿಗೆಯ ಪಾಲು ಬೇಕೆನ್ನುವವರಿಗೆ ಸೆಬಿಯ ನಿಯಮಕ್ಕೊಳಪಟ್ಟ ದಾರಿಯಿದೆ. 2014ರ ನಿಯಮಗಳಂತೆ ಬಂದ ರೀಟ್‌ಗಳಲ್ಲಿ ಮೊದಲನೆಯದು, ನಮ್ಮ ಬೆಂಗಳೂರಿನದೇ, 2019ರಲ್ಲಿ ಷೇರುಪೇಟೆ ಸೇರಿತು. 50ರಿಂದ 500 ಕೋಟಿಯೊಳಗಿನ ಕಟ್ಟಡಗಳಿಗಾಗಿ 2024ರಲ್ಲಿ ಸಣ್ಣ-ಮಧ್ಯಮ ರೀಟ್ ನಿಯಮ ಬಂತು. ಅದರಲ್ಲಿ ಕನಿಷ್ಠ ಹೂಡಿಕೆ 10 ಲಕ್ಷ. ಇವುಗಳ ಕೆಲವು ಕಟ್ಟಡಗಳೂ ಲೀಸಿನ ನೆಲದ ಮೇಲಿವೆ, ಬೆಲೆಯೂ ಏರಿಳಿಯುತ್ತದೆ. ಆದರೆ ಲೀಸಿನ ವಿವರವನ್ನು ಪ್ರಸ್ತಾವಪತ್ರದಲ್ಲಿ ಅಚ್ಚು ಹಾಕಿ ಹೇಳಲೇಬೇಕು.

ಸಹಿಗೆ ಮೊದಲು ಕೇಳಿ

ಕೆಳಗಿನ ಪ್ರಶ್ನೆಗಳನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಿ.

1. ನೆಲದ ಒಡೆಯ ಯಾರು? ಮೂಲ ಲೀಸುಪತ್ರದ ದೃಢೀಕೃತ ಪ್ರತಿ ಕೊಡುತ್ತೀರಾ?

2. ಇವತ್ತಿಗೆ ಉಳಿದ ವರ್ಷ ಎಷ್ಟು? ನವೀಕರಣ ನಮ್ಮ ಹಕ್ಕೋ, ಒಡೆಯನ ಮರ್ಜಿಯೋ?

3. ಅವಧಿ ಮುಗಿದಾಗ ಕಟ್ಟಡ ಯಾರದು? ಪರಿಹಾರ ಉಂಟೇ?

4. ನೆಲಬಾಡಿಗೆ ಎಷ್ಟು, ಯಾವಾಗ, ಯಾವ ಲೆಕ್ಕದಲ್ಲಿ ಏರುತ್ತದೆ? ಕೊನೆಯ ರಸೀದಿ ಎಲ್ಲಿದೆ?

5. ನನಗೆ ಮಾರಲು ಒಡೆಯನ ಲಿಖಿತ ಒಪ್ಪಿಗೆ ಇದೆಯೇ? ನಾನು ಮಾರುವಾಗ ಶುಲ್ಕವೆಷ್ಟು?

6. ಬಾಡಿಗೆದಾರ ಯಾರು? ಪಗಡಿಯ ಹಳೆ ಬಾಡಿಗೆದಾರನೋ? ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ರಕ್ಷಣೆ ಇದ್ದವನಾದರೆ ಬಾಡಿಗೆ ಏರುವುದು ವರ್ಷಕ್ಕೆ ಶೇ. 4 ಮಾತ್ರ. ಬ್ಯಾಂಕು, ಒಂದು ಕೋಟಿಗೆ ಕಡಿಮೆಯಿಲ್ಲದ ಪಾವತಿತ ಬಂಡವಾಳದ ಕಂಪನಿ ಆಗಿದ್ದರೆ ಆ ರಕ್ಷಣೆ ಇಲ್ಲ.

7. ಈ ಕೋಣೆಯ ಮೇಲೆ ಬ್ಯಾಂಕು ಸಾಲ ಕೊಡುತ್ತದೆಯೇ? ನಿಮಗೆ ಸಾಲ ಬೇಡದಿದ್ದರೂ ಕೇಳಿ. ಬ್ಯಾಂಕಿನ ವಕೀಲರು ಬೇಡವೆಂದ ಕಾಗದವನ್ನು ನಾವು ಬೇಕೆನ್ನುವುದೇಕೆ?

ಉತ್ತರಗಳು ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿರಲಿ. ಆ ಬರಹವನ್ನು ಮಾರುವವರು ತೋರಿಸಿದ ವಕೀಲರ ಬಳಿಗಲ್ಲ, ನೀವೇ ಫೀ ಕೊಟ್ಟು ನೇಮಿಸಿದ ವಕೀಲರ ಬಳಿಗೆ ಒಯ್ಯಿರಿ. ಲಕ್ಷಗಟ್ಟಲೆ ಹಣ ಹಾಕುವಾಗ ಕೆಲವು ಸಾವಿರದ ಫೀ ಉಳಿಸಹೊರಡುವುದು ಜಾಣತನವಲ್ಲ. ಮನೆಯವರಿಗೂ ಮಕ್ಕಳಿಗೂ ಲೀಸು ಮುಗಿಯುವ ತಾರೀಖು ಬಾಯಿಪಾಠವಿರಲಿ. ಅದನ್ನು ಎದುರಿಸುವವರು ಅವರೇ ತಾನೇ.

ಕೊನೆಯದಾಗಿ ಒಂದು ಮಾತು, ಇದು ನಮ್ಮೆಲ್ಲರಿಗೆ ಸೇರಿದ್ದು. ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ಹಿರಿಯರು ಹತ್ತು ಹತ್ತು ರೂಪಾಯಿ ವಂತಿಗೆ ಎತ್ತಿ ಸಂಘಗಳಿಗೆ ಕಚೇರಿ, ಸಭಾಗೃಹ, ಶಾಲೆಗಳನ್ನು ಮಾಡಿಟ್ಟುಹೋಗಿದ್ದಾರೆ. ಅವುಗಳಲ್ಲಿ ಎಷ್ಟು ಸ್ವಂತ ನೆಲದ್ದು, ಎಷ್ಟು ಲೀಸಿನದು? ಲೀಸಾದರೆ ಮುಗಿಯುವುದು ಯಾವಾಗ, ನವೀಕರಣಕ್ಕೆ ಅರ್ಜಿ ಕೊಡುವ ಗಡುವು ಯಾವುದು? ಪತ್ರ ಯಾವ ಕಪಾಟಿನಲ್ಲಿದೆ, ಕೀಲಿಕೈ ಯಾರ ಹತ್ತಿರ? ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಹಾರತುರಾಯಿಗೆ ಮೊದಲು ಸದಸ್ಯರೊಬ್ಬರು ಎದ್ದುನಿಂತು ಇದನ್ನು ಕೇಳಲಿ. ಉತ್ತರ ಗೊತ್ತಿದ್ದರೆ ಸಂತೋಷ. ಇಲ್ಲದಿದ್ದರೆ, ಕೇಳಿದ್ದು ತಡವಾಗಲಿಲ್ಲವೆಂಬ ಸಮಾಧಾನವಾದರೂ ಸಿಗುತ್ತದೆ.